ಊರು ಕೇಳಬಾರದ ಅತಿಥಿ

ಓದುಗರೆಲ್ಲರಿಗೂ ಶರಣು. ನಾನು ಶಾಲೆ ಮುಗಿಸಿದ್ದು ಮೀಸೆ ಬಂದ ಮೇಲೆ, ಟೈಪು ಕಲಿತದ್ದು ಮೀಸೆ ಬೆಳ್ಳಗಾದ ಮೇಲೆ. ಎಲ್ಲ ಒಂದೇ ಬೆರಳಿನ ಕೆಲಸ. ತಪ್ಪು ಕಂಡರೆ ಬೆರಳಿಗೆ ಬೈದು ನನ್ನನ್ನು ಕ್ಷಮಿಸಿಬಿಡಿ.

ನಮ್ಮ ಕಡೆಯವರಿಗೆ ಒಂದು ಚಟವಿದೆ. ಎದುರಿಗೆ ಸಿಕ್ಕವರನ್ನು ‘ಯಾವೂರ್ರಿ? ಯಾರ ಪೈಕಿ?’ ಎಂದು ಕೇಳಿ, ಏನಾದರೊಂದು ನೆಂಟಸ್ತನ ಹುಡುಕದಿದ್ದರೆ ನಾಲಿಗೆ ತುರಿಸುತ್ತದೆ. ಶ್ರಾವಣ ಸೋಮವಾರ ಮಾತ್ರ ಈ ಚಟ ನಮ್ಮ ಹೊಟ್ಟೆಯ ಮೇಲೇ ಹೊಡೆಯುತ್ತದೆ. ಅವ್ವ ನಡೆಸಿಕೊಂಡು ಬಂದ ನೇಮವೆಂದರೆ, ಅಂದು ಗುರುತೇ ಇಲ್ಲದ ಒಬ್ಬರಿಗೆ ಉಣಿಸದೆ ಮನೆಯವರು ಯಾರೂ ಉಣ್ಣುವಂತಿಲ್ಲ. ‘ಬೀಗರಿಗೆ ಹೋಳಿಗಿ ಹಾಕಿದ್ರ ಹೊಗಳ್ತಾರ, ಅಷ್ಟ. ಗುರುತಿಲ್ಲದವರ ರೂಪದಾಗ ಶಿವಾ ಬರ್ತಾನಪಾ’ ಎನ್ನುತ್ತಾಳೆ. ಎಂಬತ್ತು ದಾಟಿದ್ದರೂ ಅವಳದೂ ಉಪವಾಸವೇ.

ನಿನ್ನೆ ಸೋಮವಾರ ಮೂಡಲಗಿ ಬಸ್ ನಿಲ್ದಾಣದಿಂದ ಒಬ್ಬರನ್ನು ಕರೆತಂದೆ. ದಾರಿಯಲ್ಲಿ ಸುಮ್ಮನಿರಲಾಗದೆ ಊರು ಕೇಳಿದೆ. ‘ದಡ್ಡಿ ರೀ’ ಎಂದರು. ಮನೆ ಮುಟ್ಟುವಷ್ಟರಲ್ಲಿ ಅವರು ನನ್ನ ಹೆಂಡತಿಯ ಸೋದರಮಾವನ ಬೀಗರಾಗಿದ್ದರು! ಹೊಟ್ಟೆ ತುಂಬ ಉಂಡು ಹೋದರು, ಆದರೆ ಲೆಕ್ಕಕ್ಕಿಲ್ಲ. ಮತ್ತೆ ಓಡಿದೆ. ಗೋಕಾಕ ಬಸ್ಸಿನಿಂದ ಇಳಿದವರೊಬ್ಬರು ಬಂದರು. ಹೊಸ್ತಿಲಲ್ಲಿ ಬಾಯಿ ಜಾರಿತು. ಅಪ್ಪನ ಗೆಳೆಯನ ಮೊಮ್ಮಗ. ಅವರೂ ಉಂಡರು.

ಹೆಂಡತಿ ಸೌಟು ಹಿಡಿದೇ ಹೊರಬಂದಳು. ‘ಏನ್ರಿ, ಶಿವಾ ಬಂದ್ರ ಅವಂಗೂ ಯಾರ ಪೈಕಿ ಅಂತ ಕೇಳಾವ್ರ ನೀವು! ಅತ್ತಿಯವರಿಗೆ ಕಣ್ಣಿಗಿ ಕತ್ತಲಿ ಬರಾಕತ್ತೈತಿ. ಬಾಯಿ ಹೊಲಕೊಂಡ ಹೋಗ್ರಿ.’

ಒಳಗಿನಿಂದ ಅವ್ವನ ಸಣ್ಣ ದನಿ: ‘ಉಣ್ಣಾಕ ಕರಿಯಾಕತ್ತಾನೋ, ಹೆಣ್ಣ ಕೊಡಾಕ ಕರಿಯಾಕತ್ತಾನೋ, ಕೇಳವಾ!’

ಮೂರನೆಯವರು ಬಿಳಿ ಟೊಪ್ಪಿಗೆಯ ಒಬ್ಬ ಮುದುಕರು. ‘ಬರ್ರಿ ಕಾಕಾ, ಉಣ್ಣಾಕ’ ಎಂದವನು ಮುಂದೆ ತುಟಿ ಬಿಚ್ಚಲಿಲ್ಲ. ನನ್ನನ್ನು ಮೂಕನೆಂದುಕೊಂಡರೋ ಏನೋ, ಪಾಪ, ದಾರಿಯುದ್ದಕ್ಕೂ ಕೈಸನ್ನೆ ಮಾಡಿಯೇ ಮಾತಾಡಿದರು. ‘ತುಪ್ಪ ಭಾಳ ಚಲೋ ಐತಿ, ಇನ್ನೊಂದ ಹೋಳಿಗಿ ಹಾಕವಾ’ ಎಂದು ಕೇಳಿ ಕೇಳಿ ಉಂಡರು. ಅವ್ವನ ಮುಖ ಅರಳಿತು. ಕೈ ತೊಳೆದು, ಟೊಪ್ಪಿಗೆ ಸರಿಮಾಡಿಕೊಂಡು ಅವರೇ ಕೇಳಿಬಿಟ್ಟರು: ‘ಅಲ್ರಿ, ನೀವು ಯಾರ ಪೈಕಿ?’

ಆ ಸುಖದ ಪ್ರಶ್ನೆಗೆ ನಾನು ಬಾಯಿ ತೆರೆದೆ. ಹೆಂಡತಿ ಅದರೊಳಗೆ ಇಡೀ ಹೋಳಿಗೆ ತುರುಕಿದಳು. ‘ಕಾಕಾ, ನಿಮ್ಮ ಬಸ್ ಹೊಂಟತ ನೋಡ್ರಿ!’

ಅವ್ವ ಉಂಡಳು, ನಾವೂ ಉಂಡೆವು. ಹೊಟ್ಟೆ ತುಂಬಿತು, ಜೀವ ತುಂಬಲಿಲ್ಲ. ಆ ಕಾಕಾನ ಮೂಗು ಥೇಟ್ ನಿಡಸೋಸಿಯ ನಮ್ಮ ಅತ್ತೆಯ ಮನೆತನದ್ದು! ನಿಮ್ಮ ಮನೆಗೂ ಇಂಥ ಅತಿಥಿಗಳು ಬಂದಿದ್ದರೆ ಬರೆದು ತಿಳಿಸಿ. ಹಾಗೇ ನಿಮ್ಮದು ಯಾವೂರು, ಯಾರ ಪೈಕಿ ಎಂಬುದನ್ನೂ ಬರೆಯಿರಿ. ಇವತ್ತು ಮಂಗಳವಾರ, ಕೇಳಬಹುದು.