ಮೇ ತಿಂಗಳ ದಸರಾ

"ನೋಡ್ತಾ ಇರು ಗೋದಾ! ಪೇಂಟರಿಗೆ ಕಾಸು ಬಿಚ್ಚದೆ ಈ ಮನೇನ ಅರಮನೆ ಮಾಡ್ತೀನಿ. ಕೊಳ್ಳೋಕೆ ಬಂದೋರು ಚಪ್ಪಲಿ ಬಿಡೋದರೊಳಗೆ ಹೂಂ ಅನ್ನಬೇಕು!"

ವರದರಾಜರು ಈ ಭೀಷ್ಮಪ್ರತಿಜ್ಞೆ ಮಾಡಿದ್ದು ತೂತು ಬನಿಯನ್ನಿನಲ್ಲಿ, ಕೈಯಲ್ಲಿ ಪೊರಕೆ ಹಿಡಿದು. ಚಾಮರಾಜಪೇಟೆಯ ಆ ಮಹಡಿ ಮನೆಯ ಮೆಟ್ಟಿಲು ಏಣಿಗೆ ಅಣ್ಣನಂತಿತ್ತು. ಹತ್ತಿ ಇಳಿದು ಹೆಂಡತಿ ಗೋದಾಳ ಮಂಡಿ ಸವೆದಿತ್ತು. ಗಿರಿನಗರದಲ್ಲಿ ಮೆಟ್ಟಿಲೇ ಇಲ್ಲದ ಮನೆಯೊಂದನ್ನು ಅವಳು ಮೆಚ್ಚಿ ಬಂದಿದ್ದಳು. ಇದು ಮಾರಾಟವಾದರೆ ಮಳೆಗಾಲಕ್ಕೆ ಮುಂಚೆ ಅಲ್ಲಿ ಹಾಲುಕ್ಕಿಸಬಹುದು.

ಯುದ್ಧ ಶುರುವಾಯಿತು. ಗೋದಾಳ ಹಳೆಯ ರೇಷ್ಮೆ ಸೀರೆ ಕಿಟಕಿಯ ಪರದೆಯಾಗಿ ಪುನರ್ಜನ್ಮ ಪಡೆಯಿತು. ಬಾಗಿಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ಪಾಲಿಶ್ ಅಂದರು, ಇರುವೆಗಳು ಒಪ್ಪಿಕೊಂಡವು. ಕೆಳಮನೆಯ ಸಿದ್ದಮ್ಮನಿಂದ ಹೂಕುಂಡಗಳು ಎರವಲು ಬರುವುದೆಂದು ನಿಶ್ಚಯವಾಯಿತು. ಉಳಿದದ್ದು ಒಂದೇ ಶತ್ರು: ನಡುಮನೆಯ ಗೋಡೆ! ಅದರ ಹಿಂದೆ ಬಚ್ಚಲು. ತೇವ ಹಬ್ಬಿ ಹಬ್ಬಿ ಗೋಡೆಯ ಮೇಲೆ ಆಫ್ರಿಕಾ ಖಂಡ ಮೂಡಿತ್ತು. ಕ್ಯಾಲೆಂಡರ್ ತೂಗುಹಾಕಿದರೆ ಈಜಿಪ್ಟ್ ಮಾತ್ರ ಮುಚ್ಚುತ್ತಿತ್ತು.

ವರದರಾಜರ ಕಣ್ಣು ಅಟ್ಟದ ಕಡೆ ಹೊರಳಿತು. "ಗೊಂಬೆ ಪೆಟ್ಟಿಗೆ! ಗೋಡೆಗೆ ಮೆಟ್ಟಿಲು ಕಟ್ಟಿ ಗೊಂಬೆ ಜೋಡಿಸಿದರೆ ಆಫ್ರಿಕಾ ಮಾಯ!"

"ದಸರಾ ಗೊಂಬೇನಾ? ಮೇ ತಿಂಗಳಲ್ಲಾ?" ಗೋದಾ ಹಣೆ ಚಚ್ಚಿಕೊಂಡಳು. "ಏನಾದ್ರೂ ಮಾಡ್ಕೊಳ್ಳಿ. ಆದ್ರೆ ನಮ್ಮಮ್ಮ ಕೊಟ್ಟ ಪಟ್ಟದ ಗೊಂಬೆ ಮಾತ್ರ ಮುಟ್ಟಬೇಡಿ. ರಾಜ-ರಾಣೀನ ಒಂದು ಸಲ ಕೂರಿಸಿದ್ರೆ ವಿಜಯದಶಮಿ ರಾತ್ರಿವರೆಗೂ ಎಬ್ಬಿಸೋ ಹಾಗಿಲ್ಲ, ಗೊತ್ತಲ್ಲ?"

ಗೊತ್ತಿತ್ತು. ಆದರೆ ಟ್ರಂಕು, ಹಲಗೆ, ಬಿಳಿ ಪಂಚೆಗಳ ಮೇಲೆ ಸೆಟ್ಟಿ ಗೊಂಬೆ, ಆನೆ, ವಾದ್ಯದವರೆಲ್ಲ ನಿಂತ ಮೇಲೂ ತುದಿಯಲ್ಲಿ ಒಂದು ಮೊಳ ಆಫ್ರಿಕಾ ಇಣುಕುತ್ತಲೇ ಇತ್ತು. ಅದನ್ನು ಮುಚ್ಚುವಷ್ಟು ಎತ್ತರದ ಗೊಂಬೆಗಳು ಎರಡೇ. ಗೋದಾ ಅಡುಗೆಮನೆಗೆ ಹೋದದ್ದೇ ತಡ, ರಾಜ-ರಾಣಿಯರ ಪಟ್ಟಾಭಿಷೇಕ ಮುಗಿದುಹೋಯಿತು!

ಅಷ್ಟರಲ್ಲಿ ಹೂಕುಂಡ ಹೊತ್ತು ಬಂದ ಸಿದ್ದಮ್ಮ ಬಾಗಿಲಲ್ಲೇ ಕಲ್ಲಾದಳು. "ಗೊಂಬೆ ಕೂರ್ಸವ್ರೆ!" ಎಂದವಳೇ ಕುಂಡವನ್ನು ಅಲ್ಲೇ ಇಟ್ಟು ಕೆಳಗೋಡಿದಳು.

ಮರುದಿನ ಸಂಜೆ ಮನೆ ನೋಡಲು ರಾಘವ ಮತ್ತು ಅವನ ವೃದ್ಧ ತಾಯಿ ರಂಗನಾಯಕಿ ಬಂದಾಗ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀದಿಯ ಹೆಂಗಸರೆಲ್ಲ ಅರಿಸಿನ-ಕುಂಕುಮಕ್ಕೆ ಬಂದು ಕೂತಿದ್ದರು! ಗೋದಾ ಗಂಡನನ್ನು ಸುಡುವ ಕಣ್ಣಿಂದ ನೋಡುತ್ತ ಕೋಸಂಬರಿ ಹಂಚುತ್ತಿದ್ದಳು.

"ಏನು ಯಜಮಾನ್ರೇ, ಈಗ್ಯಾವ ನವರಾತ್ರಿ?" ಎಂದರು ರಂಗನಾಯಕಿ.

"ವೈಶಾಖ ನವರಾತ್ರಿ ಅಮ್ಮಾ," ವರದರಾಜರ ನಾಲಿಗೆ ಅವರನ್ನು ಕೇಳದೆಯೇ ಹೊರಟಿತು. "ನಮ್ಮ ಮನೆತನದಲ್ಲಿ ಮಾತ್ರ ಇರೋದು. ಮುತ್ತಜ್ಜನ ಕಾಲದಿಂದ!"

ಮುದುಕಿ ಮುಗುಳ್ನಕ್ಕು, ಎದುರಿಗೆ ಕೂತು, ದೇವರನಾಮ ಹಾಡತೊಡಗಿದರು. ರಾಘವ ನೀರಿನ ಫೋರ್ಸ್ ನೋಡುತ್ತೇನೆಂದು ಬಚ್ಚಲಿಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದ. ಗೋಡೆಯೊಳಗೆ ಗುಳುಗುಳು ಸದ್ದು. ತುದಿಯಿಂದ ಒಂದು ಹನಿ ರಾಣಿಯ ನೆತ್ತಿಗೆ ಬಿತ್ತು. ಇನ್ನೊಂದು. ಕುಂಕುಮ ಕರಗಿ ಕೆನ್ನೆಯ ಮೇಲಿಳಿಯಿತು.

"ಅಯ್ಯಯ್ಯೋ! ಮನೆ ಮಾರ್ತಾರೆ ಅಂತ ರಾಣಿ ಅಳ್ತವ್ಳೆ!" ಸಿದ್ದಮ್ಮ ಗಲ್ಲ ಬಡಿದುಕೊಂಡಳು. ಎಲ್ಲರೂ ಎದ್ದು ಕೈಮುಗಿದರು. ಯಾರೋ ಬಾಲ್ಕನಿಯಿಂದ ಬೀದಿಗೆ ಕೂಗಿ ಹೇಳಿದರು. ಮೆಟ್ಟಿಲ ಮೇಲೆ ಕ್ಯೂ ಶುರುವಾಯಿತು. ಅತ್ತ ಸೆಟ್ಟಿ ಗೊಂಬೆಯ ಮಣ್ಣಿನ ಹೊಟ್ಟೆ ಕರಗಿ, ಸೆಟ್ಟಿ ಎಲ್ಲರ ಕಣ್ಣೆದುರೇ ತೆಳ್ಳಗಾಗುತ್ತಿದ್ದ!

"ಅಳೋದಲ್ಲ ತಾಯೀ, ಬಚ್ಚಲ ಪೈಪ್ ಸೋರ್ತಿದೆ," ಎಂದರು ರಂಗನಾಯಕಿ ಕೋಸಂಬರಿ ಅಗಿಯುತ್ತ. "ಬಾಗಿಲಲ್ಲೇ ವಾಸನೆ ಬಂತು ನಂಗೆ."

ವರದರಾಜರು ಗೊಂಬೆಗಳ ಸಾಲಿನಲ್ಲಿ ತಾವೂ ಒಂದಾದರು.

"ಯಾಕ್ರೀ ಹೆದರ್ತೀರಿ?" ಮುದುಕಿ ನಕ್ಕರು. " ನಂಗೆ ಮನೆ ಒಪ್ಪಿಗೆ. ಆ ಗೋಡೆ ಒಡೆದು ನಡುಮನೆ ದೊಡ್ಡದು ಮಾಡ್ಬೇಕು ಅಂತಾನೇ ನಾವು ಬಂದಿರೋದು. ಮುಚ್ಚೋ ಅಗತ್ಯಾನೇ ಇರ್ಲಿಲ್ಲ!"

ವರದರಾಜರು ಕುಣಿಯಲು ಒಂದು ಕಾಲೆತ್ತಿದರು.

"ಆದ್ರೆ," ಎಂದರು ಮುದುಕಿ. ಕಾಲು ಗಾಳಿಯಲ್ಲೇ ನಿಂತಿತು. "ಪಟ್ಟದ ಗೊಂಬೆ ಕೂರಿಸಿಬಿಟ್ಟಿದೀರಲ್ಲ. ವಿಜಯದಶಮಿಗೆ ಮುಂಚೆ ಎಬ್ಬಿಸಿ ನಾನು ಗೋಡೆ ಒಡೆಸಲಾ? ಆ ಪಾಪ ನಂಗೆ ಬೇಡಪ್ಪ. ದಸರಾ ಕಳೀಲಿ, ರಿಜಿಸ್ಟ್ರೇಷನ್ ಮಾಡ್ಸೋಣ."

"ಅಮ್ಮಾ, ವೈಶಾಖ ನವರಾತ್ರಿ ಸುಳ್ಳು! ನಾನೇ ಈಗ ಹುಟ್ಟಿಸಿದ್ದು!"

"ನವರಾತ್ರಿ ಸುಳ್ಳಿರಬಹುದು. ಗೊಂಬೆ ನಿಜವಾಗ್ಲೂ ಕೂತಿದೆ ತಾನೆ?"

ವರದರಾಜರು ಎತ್ತಿದ ಕಾಲನ್ನು ಇಳಿಸಿದರು. ತಾಯಿ-ಮಗ ಮಾತು ಕೊಟ್ಟು, ಕುಂಕುಮ ತೆಗೆದುಕೊಂಡು ಇಳಿದುಹೋದರು. ಬಾಗಿಲಲ್ಲಿ ಸಿದ್ದಮ್ಮ, "ಸ್ವಾಮೀ, ದಸರಾವರ್ಗೂ ದಿನಾ ಆರತಿ ಐತಲ್ಲ? ಬೀದಿಗೆಲ್ಲ ಹೇಳ್ಬಿಟ್ಟಿವ್ನಿ," ಎಂದು ಹಲ್ಲು ಕಿರಿದಳು.

ಗೋದಾ ಗಿರಿನಗರಕ್ಕೆ ಫೋನು ಮಾಡಿ ಬಂದು, ಕುರ್ಚಿಯಲ್ಲಿ ಕೂತು, ಮಂಡಿ ನೀವಿಕೊಂಡಳು.

"ಆ ಮನೆಯವರು ಕಾಯ್ತಾರಂತೆ ಕಣ್ರೀ. ನನ್ನ ಮಂಡಿ ಕಾಯಲ್ಲ."

"ಹಾಗಾದ್ರೆ ಏನ್ಮಾಡೋದು ಗೋದಾ?"

ಅವಳು ಕೈಚೀಲವನ್ನು ಅವರ ಮಡಿಲಿಗೆ ಎಸೆದಳು.

"ಏನ್ಮಾಡೋದಾ? ನಿಮ್ಮ ರಾಜ-ರಾಣಿ ಮೆಟ್ಟಿಲು ಇಳಿಯೋವರೆಗೂ ನಾನೂ ಇಳಿಯಲ್ಲ. ನಾಳೆ ಕೋಸಂಬರಿಗೆ ಬೇಳೆ ಇಲ್ಲ. ಹೋಗಿ ತನ್ನಿ. ಸೌತೆಕಾಯಿ ಮರೆತು ಬಂದ್ರೆ ಇನ್ನೊಂದು ಸಲ ಇಳೀಬೇಕಾಗುತ್ತೆ!"