ಸೈಟು ಮಾರಿ ತಂದ ಗುಡುಗು

ನಮ್ಮ ಚಿಕ್ಕಪ್ಪ ಮೂವತ್ತು ವರ್ಷ ದಿನವಿಡೀ ಕಾರಿನಲ್ಲೇ ಕೂತಿದ್ದರು. ಆದರೆ ಓಡಿಸಿದ್ದಕ್ಕಿಂತ ನಿಲ್ಲಿಸಿದ್ದೇ ಹೆಚ್ಚು ಎಂದರೆ ನಂಬುತ್ತೀರಾ? ನಂಬಲೇಬೇಕು! ಅವರು ಬನಶಂಕರಿಯಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟಿದ್ದವರು. ಕಲಿಯುವವರು ಸ್ಟೇರಿಂಗ್ ಹಿಡಿದು ಲೈಟು ಕಂಬಕ್ಕೋ ಹಸುವಿಗೋ ಗುರಿಯಿಟ್ಟರೆ, ಪಕ್ಕದಲ್ಲಿ ಕೂತ ಇವರು ತಮ್ಮ ಕಾಲಡಿಯ ಇನ್ನೊಂದು ಬ್ರೇಕು ಒತ್ತಿ ಕಂಬವನ್ನೂ ಹಸುವನ್ನೂ ಉಳಿಸುತ್ತಿದ್ದರು. ನಾನೂ ಅವರ ಹತ್ತಿರವೇ ಕಲಿತವಳು. ಜಯನಗರದ ಹಸುಗಳು ಈಗಲೂ ನನ್ನನ್ನು ಕಂಡರೆ ಫುಟ್‌ಪಾತ್ ಹತ್ತುತ್ತವೆ.

ಇಂಥವರು ಸ್ಕೂಲ್ ಮುಚ್ಚಿದ ತಿಂಗಳಲ್ಲೇ ಗೊಟ್ಟಿಗೆರೆಯ ಸೈಟು ಮಾರಿ ಏನು ತಂದರು ಗೊತ್ತೇ? ಮಸಲ್ ಕಾರು! ರೇಸಿಗೆ ಹೊರಟಂಥ ಎಂಜಿನ್ನು, ಕೆಂಪು ಬಣ್ಣ, ಎರಡೇ ಬಾಗಿಲು, ಕೋಣದ ಭುಜದಂಥ ಬಾನೆಟ್ಟು. ಪದ್ಮನಾಭನಗರದ ನಮ್ಮ ಬೀದಿಯಲ್ಲಿ ಅದನ್ನು ಮೊದಲ ಸಲ ಸ್ಟಾರ್ಟ್ ಮಾಡಿದಾಗ, ನಿಂತಿದ್ದ ಸ್ಕೂಟರುಗಳ ಅಲಾರಮ್ಮುಗಳೆಲ್ಲ ಕುಯ್ಯೋ ಎಂದು ಕೂಗಿಕೊಂಡವು. ಟ್ಯೂಷನ್ ಮಕ್ಕಳು ಪುಸ್ತಕ ಬಿಟ್ಟು ಹೊರಗೋಡಿ ಬಂದರು. ಎದುರು ಮನೆಯ ಆಂಟಿ ಗೇಟು ಹಿಡಿದು, "ಟ್ರಾನ್ಸ್‌ಫಾರ್ಮರ್ ಸಿಡೀತಾ?" ಎಂದು ಕೇಳಿದರು.

"ರೀ, ಸೈಟಾಗಿದ್ರೆ ಇದ್ದಲ್ಲೇ ಇರ್ತಿತ್ತು. ಇದು ಓಡಿಹೋಗತ್ತೆ!" ಎಂದು ಚಿಕ್ಕಮ್ಮ ಹಣೆ ಚಚ್ಚಿಕೊಂಡರು.

"ಓಡ್ಲಿ ಅಂತಾನೇ ಕಣೇ ತಂದಿರೋದು!"

ಓಡಿದರೆ ತಾನೇ? ಕಾರಿನ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಪ್ರತಿ ರೋಡ್ ಹಂಪಿನ ಮುಂದೆಯೂ ನಾನು ಇಳಿದು, ಬಗ್ಗಿ ನೋಡಿ, "ಬನ್ನಿ, ಬನ್ನಿ, ಇನ್ನೊಂದಿಂಚು" ಎನ್ನಬೇಕು. ಬನಶಂಕರಿ ತಲುಪುವಷ್ಟರಲ್ಲಿ ನನ್ನ ಸೊಂಟ ಹೋಗಿತ್ತು. ಹಿಂದಿನಿಂದ ತಳ್ಳುಗಾಡಿಯ ಸೊಪ್ಪಿನಾಕೆ, "ಅಣ್ಣಾ, ಸೈಡ್ ಬಿಡಿ, ಸೊಪ್ಪು ಬಾಡೋಗ್ತದೆ" ಎಂದಳು. ಬಿಟ್ಟೆವು! ಅವಳು ನಮ್ಮನ್ನು ಓವರ್‌ಟೇಕ್ ಮಾಡಿ ಹೋದಳು.

"ಚಿಕ್ಕಪ್ಪ, ಈ ಸಂಭ್ರಮಕ್ಕೆ ಅಷ್ಟು ದುಡ್ಡು ಸುರೀಬೇಕಿತ್ತಾ?"

"ಭಾನುವಾರ ಬಾ. ಹೇಳ್ತೀನಿ."

ಆ ಮಾತು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಹೋಗದೇ ಇರಬಹುದಿತ್ತಲ್ಲ ಎನ್ನುತ್ತೀರಾ? ಚಿಕ್ಕಮ್ಮ ಆ ಕಾರಿಗೆ ಕಾಲಿಡುವುದಿಲ್ಲವೆಂದು ದೇವರ ಮನೆಯಲ್ಲೇ ಶಪಥ ಮಾಡಿಬಿಟ್ಟಿದ್ದರು. ಚಿಕ್ಕಪ್ಪನೊಬ್ಬರನ್ನೇ ಕಳಿಸುವುದಕ್ಕೆ ನನಗೆ ಇನ್ನೂ ಹೆಚ್ಚು ಭಯ.

ಭಾನುವಾರ ಬೆಳಿಗ್ಗೆ ಕೋಣನಕುಂಟೆ ದಾಟಿ ಬಹಳ ದೂರ ಹೋದ ಮೇಲೆ ಕನಕಪುರ ರಸ್ತೆ ಖಾಲಿ ಸಿಕ್ಕಿತು. ಚಿಕ್ಕಪ್ಪ ಕನ್ನಡಿ ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಆಕ್ಸಿಲರೇಟರ್ ಒತ್ತಿದರು.

ಅಯ್ಯೋ! ನನ್ನ ಬೆನ್ನು ಸೀಟಿಗೆ ಅಂಟಿತು. ಹೊಟ್ಟೆ ಮಾತ್ರ ಹಿಂದೆಯೇ ಉಳಿಯಿತು. ಮರಗಳೆಲ್ಲ ಸೇರಿ ಒಂದು ಹಸಿರು ಗೋಡೆಯಾದವು. ಮೂರು ನಾಲ್ಕು ಸೆಕೆಂಡು ಇರಬಹುದು. ಅಷ್ಟರಲ್ಲಿ ನನ್ನ ತಿಥಿಗೆ ಯಾರ್‍ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬ ಪಟ್ಟಿ ಮುಗಿದಿತ್ತು!

ಕಾರು ನಿಧಾನವಾಗಿ ರಸ್ತೆಯ ಅಂಚಿಗೆ ಬಂದು ನಿಂತಿತು. ಚಿಕ್ಕಪ್ಪ ಎಂಜಿನ್ ಆರಿಸಿದರು. ಅವರ ಎರಡೂ ಕೈ ಗಡಗಡ ನಡುಗುತ್ತಿದ್ದವು.

"ನಿಮಗೂ ಭಯಾನಾ ಚಿಕ್ಕಪ್ಪ?"

"ಮೂವತ್ತು ವರ್ಷ ದಿನಾ ಭಯಾನೇ ಕಣಮ್ಮ. ಯಾರ್ ಮಕ್ಕಳು ಎಲ್ಲಿ ಗುದ್ಕೋತಾರೋ ಅಂತ. ತಾಯಂದಿರು ಕೇಳೋರು, ನಾನು ನಗ್ತಾ ಏನೂ ಆಗಲ್ಲ ಅನ್ನೋನು. ಸಾಯಂಕಾಲ ಕಾಲಿನ ನಡುಕ ನಿಲ್ತಿರಲಿಲ್ಲ. ನಿಮ್ ಚಿಕ್ಕಮ್ಮಂಗೆ ಕಾಣ್ದಂಗೆ ಬಚ್ಚಲಲ್ಲಿ ಬಿಸಿನೀರು ಹುಯ್ಕೊಳೋನು."

ಎಷ್ಟು ಸಂಜೆ ಅವರ ಮನೆಯಲ್ಲಿ ಕಾಫಿ ಕುಡಿದಿದ್ದೇನೆ, ಒಂದು ದಿನವೂ ಗೊತ್ತಾಗಲಿಲ್ಲ!

"ಎಲ್ಲಾ ಬೇರೆಯೋರ ಭಯ," ಅವರು ಕಣ್ಣೊರೆಸಿಕೊಂಡು ನಕ್ಕರು. "ಇವತ್ತಿಂದು ನಂದೇ. ಸಖತ್ತಾಗಿತ್ತು ಕಣೇ! ಸೈಟಲ್ಲಿ ಇದು ಸಿಗ್ತಿತ್ತಾ?"

ನನ್ನ ಕೈಗಳು ಅವರದಕ್ಕಿಂತ ಜೋರಾಗಿ ನಡುಗುತ್ತಿದ್ದವು. ಅವರಿಗೆ ಕಾಣದಂತೆ ದುಪಟ್ಟಾದೊಳಗೆ ಮುಚ್ಚಿಟ್ಟುಕೊಂಡು, "ಇನ್ನೊಂದ್ಸಲ ಹೋಗೋಣ, ನಡೀರಿ ಚಿಕ್ಕಪ್ಪ" ಎಂದೆ.