ಮಾತಿಗೆ ಸೊನ್ನೆ ಪಾಯಿಂಟು

"ಈ ಭಾನುವಾರ ನನ್ನನ್ನ ಸೋಲಿಸೋ ರಾಕ್ಷಸ ಇನ್ನೂ ಹುಟ್ಟಿಲ್ಲ!" ಎಂದು ಲಿಫ್ಟ್ ಮೆಕ್ಯಾನಿಕ್ ಊಟದ ಮೇಜು ಗುದ್ದಿ ಘೋಷಿಸಿದ. ಗುದ್ದಿದ ರಭಸಕ್ಕೆ ದಾಳವೊಂದು ಎಗರಿ ನೀರಿನ ಜಗ್ಗಿಗೆ ಬಿತ್ತು.

ಆ ಮನೆಯಲ್ಲಿ ಭಾನುವಾರ ಮಧ್ಯಾಹ್ನವೆಂದರೆ ದಾಳ ಉರುಳಿಸಿ ಆಡುವ ಕಥೆಯಾಟ. ಕಥೆ ಹೇಳುವವಳು ಹೆಂಡತಿ. ಅಪ್ಪ, ಮಗಳು ಒಂದೊಂದು ಪಾತ್ರ ಕಟ್ಟಿಕೊಂಡು ಆ ಕಥೆಯೊಳಗೆ ಅಲೆಯಬೇಕು. ಪಾತ್ರಕ್ಕೆ ಮೂವತ್ತು ಪಾಯಿಂಟು. ಬಲ, ಬುದ್ಧಿ, ಮಾತು, ಮನಃಶಕ್ತಿ ಎಂದು ಬೇಕಾದಂತೆ ಹಂಚಿಕೊಳ್ಳಬಹುದು. ಮಗಳು ಒಬ್ಬ ಕುಂಟು ಅಡುಗೆಯವಳನ್ನು ಹತ್ತು ನಿಮಿಷದಲ್ಲಿ ಕಟ್ಟಿ ಮುಗಿಸಿದ್ದಳು. ಅಪ್ಪನಿಗೆ ಮೂರು ವಾರ ಹಿಡಿಯಿತು! ಕೆಟ್ಟ ಲಿಫ್ಟಿನ ನೆತ್ತಿಯ ಮೇಲೆ ಕೂತು ಬೋಲ್ಟು ಬಿಗಿಯುವಾಗಲೂ ಅದೇ ಧ್ಯಾನ. ಕೊನೆಗೆ ಮೂವತ್ತನ್ನೂ ಮನಃಶಕ್ತಿಗೇ ಸುರಿದ. ಒಮ್ಮೆ ಕಣ್ಣು ಮುಚ್ಚಿದರೆ ಎದುರಿನವರ ಮನಸ್ಸು ಓದಬಲ್ಲ, ಇನ್ನೊಮ್ಮೆ ಮುಚ್ಚಿದರೆ ಆ ಮನಸ್ಸನ್ನೇ ಪುಡಿ ಮಾಡಬಲ್ಲ ಮಹಾಪುರುಷ!

"ಮಾತಿಗೆ ಎಷ್ಟಪ್ಪಾ?" ಎಂದಳು ಮಗಳು.

"ಸೊನ್ನೆ! ಮನಸ್ಸೇ ಓದೋನಿಗೆ ಮಾತು ಯಾಕೆ? ದಂಡ!"

"ಅವನಿಗೆ ಮನೆ, ಹೆಂಡ್ತಿ, ಮಕ್ಕಳು?"

"ಅದಕ್ಕೆಲ್ಲ ಪಾಯಿಂಟು ಕೊಡ್ತಾರಾ?"

ಇದೇ ಮೂರು ವಾರಗಳಲ್ಲಿ ಹೆಂಡತಿ ಎರಡು ಸಲ ಒಬ್ಬಳೇ ಆಸ್ಪತ್ರೆಗೆ ಹೋಗಿಬಂದಿದ್ದಳು. ಎದೆಯಲ್ಲಿ ಗಂಟು. ಗಂಡ ಮಾತ್ರ ಅವಳು ಹೋದದ್ದು ಕತ್ತುನೋವಿಗೆಂದು ತಾನೇ ತೀರ್ಮಾನಿಸಿ ಮರೆತಿದ್ದ. ಗುರುವಾರ ರಿಪೋರ್ಟು ಬಂತು. "ರೀ, ಸ್ವಲ್ಪ ಕೂತ್ಕೊಳ್ಳಿ" ಎಂದರೆ, "ತಡಿ ಕಣೇ, ಎರಡು ಪಾಯಿಂಟು ಎಲ್ಲೋ ಸೋರ್ತಿದೆ!" ಎಂದಿದ್ದ ಪುಣ್ಯಾತ್ಮ.

ಆಟ ಶುರುವಾಯಿತು. ಹೆಂಡತಿಯ ದನಿ ಯಾಕೋ ತಗ್ಗಿತ್ತು.

"ಕೋಟೆ ಬಾಗಿಲಿಗೆ ಅಡ್ಡವಾಗಿ ಒಬ್ಬ ಮುದುಕಿ ಕೂತಿದ್ದಾಳೆ. ಏನೋ ಹೇಳ್ಬೇಕಂತೆ. ಯಾರೂ ಕೇಳ್ತಿಲ್ವಂತೆ."

"ಏನಾಯ್ತಜ್ಜೀ?" ಎಂದು ಮಗಳು ಬಾಯಿ ತೆರೆಯುವಷ್ಟರಲ್ಲಿ ಮಹಾಪುರುಷ ನುಗ್ಗಿದ.

"ನೀನು ಸುಮ್ನಿರು! ಅವಳ ಮನಸ್ಸು ಓದ್ತಾ ಕೂತ್ರೆ ಒಂದು ಸರದಿ ವೇಸ್ಟು. ನೇರವಾಗಿ ಪುಡಿ ಮಾಡ್ತೀನಿ!"

ಇಪ್ಪತ್ತು ಮುಖದ ದಾಳ ಉರುಳಿ ಇಪ್ಪತ್ತೇ ಬಿತ್ತು.

"ಮುದುಕಿ ಢಮಾರ್! ತೆಗಿ ಬಾಗಿಲು!"

ಹೆಂಡತಿ ಬಾಗಿಲು ತೆಗೆಯಲಿಲ್ಲ. ಕನ್ನಡಕ ತೆಗೆದಿಟ್ಟು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.

"ಅಪ್ಪಾ, ಅದು ಅಮ್ಮ!" ಮಗಳು ಕಿರುಚಿದಳು. "ಗುರುವಾರದಿಂದ ನಿನಗೆ ಹೇಳೋಕೆ ಒದ್ದಾಡ್ತಿದ್ದಾಳೆ. ಆಟದಲ್ಲಾದ್ರೂ ಕೇಳಿಸ್ಕೋತಾರೆ ಅಂತ ಆ ಮುದುಕೀನ ಕೂರಿಸಿದ್ಲು!"

"ಏನದು? ಏನಾಯ್ತೇ?"

"ಕ್ಯಾನ್ಸರ್ ರೀ. ಮಂಗಳವಾರ ಆಪರೇಷನ್."

ಮಹಾಪುರುಷನ ಮೂವತ್ತರಲ್ಲಿ ಒಂದು ಪಾಯಿಂಟೂ ನೆರವಿಗೆ ಬರಲಿಲ್ಲ. ಬಾಯಿಗೆ ಬಂದದ್ದು ಹಳೇ ಚಾಳಿಯೇ.

"ವಾಸಿಯಾಗೋದು ನೂರಕ್ಕೆ ಎಷ್ಟಂತೆ?"

"ಗೊತ್ತಿಲ್ಲ. ನಿಂಗೆ ಭಯ ಆಗ್ತಿದ್ಯಾ ಅಂತ ಒಂದು ಮಾತು ಕೇಳ್ಬಾರ್ದಾ?"

ಅವನಿಗೆ ನಾಚಿಕೆಯಾಯಿತು, ಇದ್ದಲ್ಲೇ ಇಂಗಿಹೋಗುವಷ್ಟು ನಾಚಿಕೆ. ಮೇಜಿನ ಮೇಲೆ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ತಡವರಿಸಿದ.

"ಭಯ... ಆಗ್ತಿದ್ಯಾ?"

"ತುಂಬಾ. ನಿಮಗೆ?"

"ನನಗಾ? ಭಯ ಎಂಥದು! ನಾನು ಬಂಡೆ ಥರಾ ಇದ್ದೀನಿ!"

"ಹಾಗಾದ್ರೆ ನನ್ನ ಕನ್ನಡಕ ಯಾಕ್ರೀ ನಾಲ್ಕನೇ ಸಲ ಒರೆಸ್ತಿದ್ದೀರಿ? ಕೊಡಿ ಇತ್ಲಾಗೆ. ಅದಿಲ್ದಿದ್ರೂ ನೀವು ಅಳ್ತಿರೋದು ನನಗೆ ಕಾಣತ್ತೆ!"